ಪೆಟ್ಟಿಗೆಯ ದನಿ, ಪೊರೆಯ ದನಿ



ಮೈಸೂರು ಕಡೆಯಿಂದ ನಂಜನಗೂಡಿಗೆ ಹೋಗುವಾಗ ತಾಂಡ್ಯದ ಹೆಸರು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಕೈಗಾರಿಕಾ ಪ್ರದೇಶವೆಂದು ಇಂದು ಅದಕ್ಕೆ ಹೆಸರು. ಒಂದು ಕಡೆ ಕಪಿಲೆಯ ದಂಡೆಯ ನಂಜನಗೂಡು, ಇನ್ನೊಂದು ಕಡೆ ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರ. ಈ ಸೀಮೆಯವರನ್ನು ಧ್ವನಿವರ್ಧಕ ಎಂದರೇನು ಎಂದು ಕೇಳಿದರೆ ಮೊದಲು ನೆನಪಾಗುವುದು ಮೈಕ್‌ಸೆಟ್ಟಿನ ಹಾರ್ನು. ಜಾತ್ರೆಗೆ, ಮದುವೆಗೆ, ಚುನಾವಣೆಗೆ ಅದು ಬೇಕೇ ಬೇಕು. ಊರಾಚೆಗೂ ಕೇಳಿಸಬೇಕು, ಅಷ್ಟೇ ಅದರ ಧರ್ಮ.

ಆದರೆ ಮನೆಯೊಳಗೆ, ರಾತ್ರಿ ಊಟ ಮುಗಿದ ಮೇಲೆ, ಒಂದು ವೀಣೆಯನ್ನೋ ಒಂದು ಕಂಠವನ್ನೋ ಕೇಳಲು ಕುಳಿತಾಗ ನಮಗೆ ಬೇಕಾಗುವುದು ಬೇರೆಯೇ. ಅಲ್ಲಿ ದೂರ ಮುಟ್ಟುವ ಮಾತಿಲ್ಲ; ನಿಜ ಮುಟ್ಟಬೇಕು. ಕಳೆದ ನೂರು ವರ್ಷಗಳಲ್ಲಿ ಈ ನಿಜವನ್ನು ಹುಡುಕಿಕೊಂಡು ಧ್ವನಿವರ್ಧಕದ ತಯಾರಕರು ಎರಡು ದಾರಿ ಹಿಡಿದರು. ಒಂದು, ನಮಗೆಲ್ಲ ಗೊತ್ತಿರುವ ಪೆಟ್ಟಿಗೆಯ ಸ್ಪೀಕರ್. ಇನ್ನೊಂದು, ಪೆಟ್ಟಿಗೆಯೇ ಇಲ್ಲದ, ತೆಳು ಪೊರೆಯೊಂದರಿಂದ ದನಿ ಹೊರಡಿಸುವ ಸ್ಥಿರವಿದ್ಯುತ್ ಸ್ಪೀಕರ್. ಇಂಗ್ಲಿಷ್ ಬಲ್ಲವರು ಇದನ್ನು ಎಲೆಕ್ಟ್ರೊಸ್ಟ್ಯಾಟಿಕ್ ಎನ್ನುತ್ತಾರೆ. ಈ ಎರಡು ದಾರಿಗಳ ಚರಿತ್ರೆಯನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ. ಅದು ಶುರುವಾಗಬೇಕಾದದ್ದು ಯಂತ್ರದಿಂದಲ್ಲ, ತಿರುಮಕೂಡಲಿನ ಒಬ್ಬ ವಿದ್ವಾಂಸರಿಂದ.

ಮೈಕಿಲ್ಲದ ಕಾಲದ ಉತ್ತರ

ಪಿಟೀಲು ಟಿ. ಚೌಡಯ್ಯನವರು 1895ರಲ್ಲಿ ತಿರುಮಕೂಡಲಿನಲ್ಲಿ ಹುಟ್ಟಿದರು. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಬೆಳೆದು ದಕ್ಷಿಣದ ದೊಡ್ಡ ದೊಡ್ಡ ಗಾಯಕರಿಗೆ ಪಕ್ಕವಾದ್ಯ ನುಡಿಸಿದರು. ಆಗ ಸಭೆಗಳಲ್ಲಿ ಮೈಕು ಇರಲಿಲ್ಲ. ಚಪ್ಪರದ ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಪಿಟೀಲಿನ ನಾದ ತಲುಪುತ್ತಿರಲಿಲ್ಲ. ಇದಕ್ಕೆ ಚೌಡಯ್ಯನವರು ಕಂಡುಕೊಂಡ ಪರಿಹಾರ ನಿಮಗೆ ತಿಳಿದದ್ದೇ: ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. 1920ರ ದಶಕ ಮುಗಿಯುವ ಹೊತ್ತಿಗೆ ಆ ವಾದ್ಯ ಅವರ ಹೆಸರಿಗೇ ಅಂಟಿಕೊಂಡಿತ್ತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ತಂತಿ ಹೆಚ್ಚಿದಾಗ ನಾದ ದೊಡ್ಡದಾಯಿತು, ನಿಜ. ಅದರ ಜೊತೆಗೆ ನಾದದ ಬಣ್ಣವೂ ಬದಲಾಯಿತು. ಚೌಡಯ್ಯನವರ ಪಿಟೀಲು ಎಂದರೆ ತುಂಬಿದ, ದಪ್ಪನಾದ ನಾದ ಎಂದು ಕೇಳಿದವರು ಗುರುತಿಸುವಂತಾಯಿತು. ಕಲಾವಿದನ ಕೈಯಲ್ಲಿ ಇದು ಗುಣ. ಆದರೆ ಇದೇ ಕೆಲಸವನ್ನು ಒಂದು ಯಂತ್ರ ಮಾಡಿದರೆ? ಚೌಡಯ್ಯನವರ ನಾದಕ್ಕೂ ಇನ್ನೊಬ್ಬರ ನಾದಕ್ಕೂ ತನ್ನದೇ ಬಣ್ಣ ಬಳಿದರೆ? ಅಲ್ಲಿಗೆ ಅದು ದೋಷ. ದನಿಯನ್ನು ದೊಡ್ಡದು ಮಾಡುವ ಯಾವ ಉಪಾಯವೂ ದನಿಗೆ ತನ್ನದನ್ನು ಏನಾದರೂ ಸೇರಿಸದೆ ಬಿಡುವುದಿಲ್ಲ. ಧ್ವನಿವರ್ಧಕದ ಚರಿತ್ರೆಯೆಲ್ಲ ಈ ಸೇರ್ಪಡೆಯನ್ನು ಕಡಿಮೆ ಮಾಡುವ ಹೋರಾಟವೇ.

1967ರಲ್ಲಿ ಚೌಡಯ್ಯನವರು ತೀರಿಕೊಂಡರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸ್ಮಾರಕ ಭವನ ಅವರ ಹೆಸರಿನಲ್ಲಿ ನಿಂತಿದೆ. ಆದರೆ ಅವರ ನಾದ ಇಂದು ನಮಗೆ ಉಳಿದಿರುವುದು ಗ್ರಾಮೊಫೋನ್ ಪ್ಲೇಟುಗಳಲ್ಲಿ, ಹಳೆಯ ಟೇಪುಗಳಲ್ಲಿ. ಅವನ್ನು ನಾವು ಯಾವ ಸ್ಪೀಕರಿನಲ್ಲಿ ಕೇಳುತ್ತೇವೋ, ನಮ್ಮ ಮಕ್ಕಳಿಗೆ ಚೌಡಯ್ಯನವರು ಅಷ್ಟೇ. ಆದ್ದರಿಂದ ಇದು ಬರೀ ಹಣವಂತರ ಹವ್ಯಾಸದ ಪ್ರಶ್ನೆಯಲ್ಲ.

ಅರಮನೆಯ ಶ್ರೋತೃ

ಸಂಗೀತವನ್ನು ಯಂತ್ರದ ಮೂಲಕ ಕೇಳುವುದನ್ನೇ ಗಂಭೀರವಾದ ವ್ಯಾಸಂಗವಾಗಿ ಮಾಡಿಕೊಂಡ ಒಬ್ಬರು ನಮ್ಮ ಮೈಸೂರಿನಲ್ಲೇ ಇದ್ದರು. ಅವರು ಜಯಚಾಮರಾಜ ಒಡೆಯರು. ಕರ್ನಾಟಕ ಸಂಗೀತದಲ್ಲಿ ಶ್ರೀವಿದ್ಯಾ ಅಂಕಿತದ ಕೃತಿಗಳನ್ನು ರಚಿಸಿದ ಅವರು ಪಾಶ್ಚಾತ್ಯ ಪಿಯಾನೊ ವಾದನದಲ್ಲಿಯೂ ಪರಿಣತರು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ಧ್ವನಿಮುದ್ರಣವಾಗಲೆಂದು 1940ರ ದಶಕದ ಕೊನೆಯಲ್ಲಿ ಹಣ ಒದಗಿಸಿದವರು ಇವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು.

ಆ ಕಾಲದಲ್ಲಿ ಲಂಡನ್ನಿನ ಪ್ರಸಿದ್ಧ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದು ಅರಮನೆಯ ಅತಿಥಿಯಾಗಿದ್ದರು. ತಾವು ಅಲ್ಲಿ ಕಂಡದ್ದನ್ನು ಅವರು ಮುಂದೆ ಬರೆದುಕೊಂಡಿದ್ದಾರೆ: ಬೇಕೆಂದ ಶಾಸ್ತ್ರೀಯ ಸಂಗೀತದ ಪ್ಲೇಟೆಲ್ಲ ಸಿಗುವ ಭಂಡಾರ, ಹಲವು ದೊಡ್ಡ ಪಿಯಾನೊಗಳು, ಅವುಗಳ ಜೊತೆಗೆ ಬಗೆಬಗೆಯ ಧ್ವನಿವರ್ಧಕಗಳ ಸಾಲು. ಒಂದೇ ಧ್ವನಿವರ್ಧಕಕ್ಕೆ ತೃಪ್ತರಾಗದೆ ಹಲವನ್ನು ಇಟ್ಟುಕೊಂಡಿದ್ದರು ಎಂದರೆ, ಒಂದೊಂದೂ ಒಂದೊಂದು ಬಗೆಯಲ್ಲಿ ನುಡಿಯುತ್ತದೆ ಎಂಬುದು ಆ ಮನೆಯಲ್ಲಿ ತಿಳಿದ ವಿಷಯವೇ ಆಗಿದ್ದಿರಬೇಕು.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳ ಮೊದಲ ಪ್ರದರ್ಶನ ನಡೆಯಿತು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದವನ್ನು ನಡೆಸಿದವರು ಫುರ್ಟ್‌ವ್ಯಾಂಗ್ಲರ್. ಆ ಕಾರ್ಯಕ್ರಮಕ್ಕೆ 4,800 ಡಾಲರುಗಳ ಭರವಸೆ ಕೊಟ್ಟವರು ಒಡೆಯರು. ಅವರು ಸಭೆಗೆ ಹೋಗಲಾಗಲಿಲ್ಲ. ಧ್ವನಿಮುದ್ರಣ ಮೈಸೂರಿಗೆ ಬರಬೇಕು, ತಮ್ಮ ಸಂಗ್ರಹದಲ್ಲಿ ಸೇರಬೇಕು ಎಂಬುದು ಅವರ ಆಸೆ. ಆ ಸಂಗ್ರಹದಲ್ಲಿ ಆಗ ಸುಮಾರು 20,000 ಪ್ಲೇಟುಗಳಿದ್ದವೆಂದು ಅಂದಾಜು. ಯೋಚಿಸಿ ನೋಡಿ: ಸಾವಿರಾರು ಮೈಲಿ ಆಚೆ ನಡೆದ ಒಂದು ಸಂಜೆ, ಆ ಶ್ರೋತೃವಿಗೆ ಪೂರ್ತಿಯಾಗಿ ಒಂದು ಧ್ವನಿವರ್ಧಕದ ಕೃಪೆಯಲ್ಲಿತ್ತು. ಇಂದು ನಾವೆಲ್ಲರೂ ಇರುವುದು ಇದೇ ಸ್ಥಿತಿಯಲ್ಲಿ.

ಪೆಟ್ಟಿಗೆ ಏಕೆ ಬೇಕಾಯಿತು?

ನೀವು ಕೇಳಬಹುದು, ಸ್ಪೀಕರಿಗೆ ಪೆಟ್ಟಿಗೆ ಏಕೆ ಎಂದು. ಅಂದಕ್ಕಾಗಿ ಎಂದು ಹಲವರು ತಿಳಿದಿದ್ದಾರೆ. ಅದು ಹಾಗಲ್ಲ.

ಇಂದಿನ ಸಾಮಾನ್ಯ ಸ್ಪೀಕರಿನ ಮೂಲರೂಪವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಪ್ರಕಟಿಸಿದರು. ಕಾಗದದ ಒಂದು ಶಂಕು. ಅದರ ಬುಡಕ್ಕೆ ತಾಮ್ರದ ತಂತಿಯ ಸುರುಳಿ. ಸುರುಳಿಯ ಸುತ್ತ ಬಲವಾದ ಅಯಸ್ಕಾಂತ. ಸಂಗೀತದ ವಿದ್ಯುತ್ತು ಸುರುಳಿಯಲ್ಲಿ ಹರಿದಾಗ ಅದು ಹಿಂದೆ ಮುಂದೆ ಸರಿಯುತ್ತದೆ, ಶಂಕು ಗಾಳಿಯನ್ನು ತಳ್ಳುತ್ತದೆ. ನಿಮ್ಮ ಮನೆಯ ರೇಡಿಯೊದಿಂದ ಹಿಡಿದು ಇಂದಿನ ಅಂಗೈಯಗಲದ ಬ್ಲೂಟೂತ್ ಸ್ಪೀಕರಿನವರೆಗೆ ಸಾಮಾನ್ಯವಾಗಿ ಎಲ್ಲದರೊಳಗೂ ಇರುವುದು ಇದೇ.

ತೊಂದರೆ ಇರುವುದು ಶಂಕುವಿನ ಬೆನ್ನಿನಲ್ಲಿ. ಶಂಕು ಮುಂದೆ ಗಾಳಿಯನ್ನು ಒತ್ತಿದಾಗ ಹಿಂದೆ ಗಾಳಿ ಸಡಿಲವಾಗುತ್ತದೆ. ಮುಂದಿನ ಒತ್ತಡ ಅಂಚನ್ನು ಸುತ್ತಿ ಹಿಂದಿನ ಸಡಿಲಿಕೆಯನ್ನು ತುಂಬಿಬಿಡುತ್ತದೆ, ಒಂದನ್ನೊಂದು ಹೊಡೆದುಹಾಕುತ್ತವೆ. ಮಂದ್ರದ ಸ್ವರಗಳಲ್ಲಿ ಇದು ಬಹಳ. ಬಿಡಿ ಸ್ಪೀಕರನ್ನು ಕೈಯಲ್ಲಿ ಹಿಡಿದು ಹಾಡಿಸಿದರೆ ದನಿ ಪೀಚಾಗಿ ಕೇಳುವುದು ಇದರಿಂದಲೇ. ಬೆನ್ನಿನ ದನಿಯನ್ನು ಮುಚ್ಚಿಡುವುದಕ್ಕೆ ಪೆಟ್ಟಿಗೆ ಬಂತು.

ಮುಂದೆ ಪೆಟ್ಟಿಗೆಯೇ ಒಂದು ಶಾಸ್ತ್ರವಾಯಿತು. ಬೆನ್ನಿನ ದನಿಯನ್ನು ಸಂಪೂರ್ಣ ಹಾಳುಮಾಡದೆ, ಅಳತೆಯ ತೂತೊಂದರಿಂದ ಹೊರಬಿಟ್ಟು ಮಂದ್ರಕ್ಕೆ ಬಲ ಕೊಡುವ ವಿಧಾನಕ್ಕೆ ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ 1932ರಲ್ಲಿ ಪೇಟೆಂಟ್ ಪಡೆದರು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಬಿಗಿಯಾಗಿ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿ, ಪುಸ್ತಕದ ಕಪಾಟಿನಲ್ಲಿ ಕೂರುವಷ್ಟು ಚಿಕ್ಕ ಸ್ಪೀಕರಿನಿಂದಲೂ ಆಳವಾದ ಮಂದ್ರ ಬರಿಸಿದರು. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ, ಆಮೇಲೆ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ, ಪೆಟ್ಟಿಗೆಯ ಅಳತೆಯನ್ನು ಲೆಕ್ಕ ಹಾಕಿಯೇ ಕಂಡುಹಿಡಿಯುವ ಸೂತ್ರಗಳನ್ನು ಕೊಟ್ಟರು. ಅಲ್ಲಿಯವರೆಗೆ ಬಡಗಿಯ ಅಂದಾಜಾಗಿದ್ದದ್ದು ಎಂಜಿನಿಯರನ ಲೆಕ್ಕವಾಯಿತು.

ಆದರೂ ಒಂದು ಕೊರತೆ ಉಳಿಯಿತು. ಪೆಟ್ಟಿಗೆಯ ಹಲಗೆಗಳೂ ಅದುರುತ್ತವೆ. ಅದುರಿದ ಹಲಗೆ ತನ್ನದೇ ದನಿ ಹೊರಡಿಸುತ್ತದೆ. ವೀಣೆಯನ್ನು ನೆನೆಸಿಕೊಳ್ಳಿ. ಹಲಸಿನ ಮರದಲ್ಲಿ ಕೊರೆದ ಅದರ ಕೊಡ ಅದುರಿದರೆ ಮಾತ್ರ ತಂತಿಗೆ ನಾದ. ಸ್ಪೀಕರಿನಲ್ಲಿ ಇದು ತಲೆಕೆಳಗು. ವೀಣೆಯ ಕೊಡ ಮಾತನಾಡಬೇಕು, ಸ್ಪೀಕರಿನ ಪೆಟ್ಟಿಗೆ ಸುಮ್ಮನಿರಬೇಕು. ಅದು ಸುಮ್ಮನಿರದಿದ್ದರೆ ನೀವು ಕೇಳುವುದು ಎರಡು ಕೊಡಗಳ ನಾದ: ಒಂದು ವಾದ್ಯದ್ದು, ಇನ್ನೊಂದು ಬಡಗಿಯದು.

ಇದನ್ನು ಚೆನ್ನಾಗಿ ಅರಿತವರು ಇಂಗ್ಲೆಂಡಿನ ಗಿಲ್ಬರ್ಟ್ ಬ್ರಿಗ್ಸ್. ವಾರ್ಫ್‌ಡೇಲ್ ಎಂಬ ಸ್ಪೀಕರ್ ಕಂಪನಿಯನ್ನು 1932ರಲ್ಲಿ ಕಟ್ಟಿದವರು. ಹಲಗೆ ಅದುರದಿರಲೆಂದು ಅವರು ಎರಡು ಪ್ಲೈವುಡ್ ಹಾಳೆಗಳ ನಡುವೆ ಒಣ ಮರಳು ತುಂಬಿದರು. ತಲಕಾಡಿನ ಸೀಮೆಯವರಿಗೆ ಮರಳಿನ ಭಾರ ಏನೆಂದು ಹೇಳಿಕೊಡಬೇಕಾಗಿಲ್ಲ. 1954ರಲ್ಲಿ ಬ್ರಿಗ್ಸ್ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್ ಸಭಾಂಗಣವನ್ನು ಹಿಡಿದು, ಮೊದಲು ಕಲಾವಿದರಿಂದ ನುಡಿಸಿ, ಆಮೇಲೆ ಧ್ವನಿಮುದ್ರಣವನ್ನು ತಮ್ಮ ಸ್ಪೀಕರುಗಳಲ್ಲಿ ಕೇಳಿಸಿ, ವ್ಯತ್ಯಾಸವನ್ನು ನೀವೇ ತೀರ್ಮಾನಿಸಿ ಎಂದು ಜನರ ಮುಂದಿಟ್ಟರು. ಆ ಸಂಜೆ ಆಂಪ್ಲಿಫೈಯರುಗಳ ಬಳಿ ಅವರಿಗೆ ನೆರವಾಗಿ ನಿಂತಿದ್ದವರು ಪೀಟರ್ ವಾಕರ್. ಸ್ವಾರಸ್ಯವೆಂದರೆ, ಪೆಟ್ಟಿಗೆಯನ್ನೇ ಬಿಟ್ಟುಬಿಡುವ ದಾರಿಯನ್ನು ವಾಕರ್ ಅಷ್ಟರಲ್ಲೇ ಹುಡುಕುತ್ತಿದ್ದರು.

ಪೆಟ್ಟಿಗೆಯಿಲ್ಲದ ಪೊರೆ

ಒಣಗಿದ ತಲೆಗೂದಲನ್ನು ಬಾಚಿದ ಬಾಚಣಿಗೆ ಕಾಗದದ ಚೂರುಗಳನ್ನು ಸೆಳೆಯುವುದನ್ನು ಶಾಲೆಯಲ್ಲಿ ನೋಡಿದ್ದೀರಿ. ಹಳೆಯ ಪಿಕ್ಚರ್ ಟ್ಯೂಬಿನ ಟಿ.ವಿ. ಪರದೆಯ ಹತ್ತಿರ ಕೈ ಹಿಡಿದರೆ ರೋಮ ನಿಮಿರುತ್ತಿದ್ದದ್ದೂ ನೆನಪಿರಬಹುದು. ಅದೇ ಸ್ಥಿರವಿದ್ಯುತ್ತು. ಸ್ಥಿರವಿದ್ಯುತ್ ಸ್ಪೀಕರಿನ ತತ್ತ್ವವೂ ಇದೇ.

ತೂತುಗಳುಳ್ಳ ಎರಡು ಫಲಕಗಳು ಎದುರುಬದುರಾಗಿ ನಿಲ್ಲುತ್ತವೆ. ಅವುಗಳ ನಡುವೆ, ತಮಟೆಗೆ ಚರ್ಮ ಬಿಗಿದಂತೆ, ಕೂದಲೆಳೆಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆಯನ್ನು ಬಿಗಿಯುತ್ತಾರೆ. ಪೊರೆಗೆ ಸಾವಿರಾರು ವೋಲ್ಟುಗಳ ವಿದ್ಯುದಂಶ ಕೊಡುತ್ತಾರೆ. ಸಂಗೀತದ ವಿದ್ಯುತ್ತನ್ನು ಟ್ರಾನ್ಸ್‌ಫಾರ್ಮರಿನಿಂದ ಹೆಚ್ಚಿಸಿ ಎರಡು ಫಲಕಗಳಿಗೆ ಕೊಟ್ಟಾಗ ಒಂದು ಫಲಕ ಪೊರೆಯನ್ನು ಎಳೆಯುತ್ತದೆ, ಇನ್ನೊಂದು ತಳ್ಳುತ್ತದೆ. ಶಂಕುವನ್ನು ಬುಡದಲ್ಲಿ ಮಾತ್ರ ಹಿಡಿದು ನೂಕುವಂತಲ್ಲ ಇದು. ಪೊರೆಯ ಮೈಯೆಲ್ಲ ಒಟ್ಟಿಗೆ ಸರಿಯುತ್ತದೆ. ಪೊರೆ ಬಹಳ ಹಗುರ. ಆದ್ದರಿಂದ ಹೊರಟ ಕೂಡಲೇ ಹೊರಡುತ್ತದೆ, ನಿಲ್ಲು ಎಂದ ಕೂಡಲೇ ನಿಲ್ಲುತ್ತದೆ. ಅದುರಲು ಪೆಟ್ಟಿಗೆಯೇ ಇಲ್ಲ.

ಈ ಯೋಚನೆ ಹೊಸದಾಗಿರಲಿಲ್ಲ. ಶಂಕುವಿನ ಸ್ಪೀಕರಿಗೆ ರೂಪ ಕೊಟ್ಟ ಕೆಲಾಗ್ ಅವರೇ 1934ರಲ್ಲಿ ಇಂಥ ಸ್ಪೀಕರಿಗೂ ಪೇಟೆಂಟ್ ಪಡೆದಿದ್ದರು. ಆದರೆ ತೆಳುವಾಗಿಯೂ ಗಟ್ಟಿಯಾಗಿಯೂ ಇರುವ ಪೊರೆ ಆಗ ಸಿಗುತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಹೊಸ ಪ್ಲಾಸ್ಟಿಕ್ ಹಾಳೆಗಳು ಬಂದ ಮೇಲೆ ದಾರಿ ತೆರೆಯಿತು. ವಾಕರ್ 1936ರಲ್ಲಿ ಸ್ಥಾಪಿಸಿದ ಸಂಸ್ಥೆ, ಕ್ವಾಡ್ ಎಂಬ ಹೆಸರಿನಲ್ಲಿ, 1957ರಲ್ಲಿ ಸ್ಥಿರವಿದ್ಯುತ್ ಸ್ಪೀಕರನ್ನು ಮಾರುಕಟ್ಟೆಗೆ ತಂದಿತು. ಮಂದ್ರದ ಫಲಕಗಳ ಪೊರೆಗೆ ಸುಮಾರು 6,000 ವೋಲ್ಟು, ತಾರದ ಫಲಕಕ್ಕೆ ಸುಮಾರು 1,500 ವೋಲ್ಟು. ಕೊಂಚ ಬಾಗಿದ ಅದರ ಲೋಹದ ಜಾಲರಿಯನ್ನು ನೋಡಿದವರು ಚಳಿಗಾಲದ ಎಲೆಕ್ಟ್ರಿಕ್ ಹೀಟರ್ ಎಂದುಕೊಂಡರೆ ಆಶ್ಚರ್ಯವಿಲ್ಲ. ಮೂಲ ಧ್ವನಿಗೆ ಅತ್ಯಂತ ಸಮೀಪ ಎಂಬುದು ಆ ಸಂಸ್ಥೆಯ ಘೋಷವಾಕ್ಯ. ಮನುಷ್ಯನ ಕಂಠದ ಮಟ್ಟಿಗೆ ಆ ಮಾತು ಉತ್ಪ್ರೇಕ್ಷೆಯಲ್ಲ ಎಂದು ಕೇಳಿದವರು ಅನೇಕರು ಒಪ್ಪಿದರು. ಆ ಮಾದರಿ 1985ರವರೆಗೆ ತಯಾರಾಯಿತು. 1963ರಲ್ಲೇ ಕೆಲಸ ಶುರುಮಾಡಿದ ಅದರ ಮುಂದಿನ ಮಾದರಿ ಮಾರುಕಟ್ಟೆಗೆ ಬಂದದ್ದು 1981ರಲ್ಲಿ. ನೀರಿಗೆ ಕಲ್ಲು ಹಾಕಿದಾಗ ಅಲೆ ಹರಡುವಂತೆ, ಒಂದರ ಹಿಂದೆ ಒಂದು ಉಂಗುರಕ್ಕೆ ದನಿ ತಲುಪುವ ಹಾಗೆ ಅದರ ಫಲಕಗಳನ್ನು ರೂಪಿಸಿದ್ದರು.

ಹಾಗಾದರೆ ಪೆಟ್ಟಿಗೆ ಸೋತಿತೆ? ಇಲ್ಲ. ಪೆಟ್ಟಿಗೆಯನ್ನು ಬಿಟ್ಟುದಕ್ಕೆ ಪೊರೆ ಬೆಲೆ ತೆರಬೇಕಾಯಿತು. ಬೆನ್ನಿನ ದನಿ ಮತ್ತೆ ಬಿಡುಗಡೆಯಾಯಿತು. ಅದರೊಡನೆ ಮಂದ್ರ ಸೋರಿಹೋಗುವ ಹಳೆಯ ರೋಗವೂ ಮರಳಿತು. ಪೊರೆ ಎರಡು ಫಲಕಗಳ ನಡುವಿನ ಕಿರಿದಾದ ಸಂದಿನಲ್ಲಿ ಮಾತ್ರ ಆಡಬಲ್ಲದು. ಹೆಚ್ಚು ಗಟ್ಟಿಯಾಗಿ ಹಾಡಿಸಿದರೆ ಕಿಡಿ ಹಾರಿ ಕೆಡುವ ಭಯ. ಫಲಕದ ಎದುರು ಸರಿಯಾದ ಜಾಗದಲ್ಲಿ ಕುಳಿತವರಿಗೆ ಸ್ವರ್ಗ, ಪಕ್ಕದಲ್ಲಿ ಕುಳಿತವರಿಗೆ ಅರ್ಧ ಸ್ವರ್ಗ. ಎಲ್ಲ ಆಂಪ್ಲಿಫೈಯರುಗಳಿಗೂ ಅದು ಒಗ್ಗುವುದಿಲ್ಲ. ಗೋಡೆಯ ಪ್ಲಗ್ಗಿನಿಂದ ಅದಕ್ಕೆ ಬೇರೆಯಾಗಿ ಕರೆಂಟು ಬೇಕು.

ನಮ್ಮ ಸಂಗೀತ, ನಮ್ಮ ಮನೆ

ಇನ್ನು ನಮ್ಮ ಮನೆಗೆ ಬರೋಣ. ಕರ್ನಾಟಕ ಸಂಗೀತದ ಕಛೇರಿಯನ್ನು ಈ ಎರಡು ಬಗೆಯ ಸ್ಪೀಕರುಗಳಲ್ಲಿ ಕೇಳಿದರೆ ಏನಾಗುತ್ತದೆ?

ವೀಣೆಯ ಜೀವ ಮೀಟಿನಲ್ಲಿದೆ, ಮೀಟಿನ ನಂತರ ತಂತಿಯನ್ನು ಎಳೆದು ತರುವ ಗಮಕದಲ್ಲಿದೆ. ಮೀಟು ಕ್ಷಣಮಾತ್ರದ್ದು, ಗಮಕ ಕ್ಷೀಣಿಸುತ್ತಾ ಹೋಗುವ ನಾದದ ಮೇಲೆ ನಡೆಯುವ ಕೆಲಸ. ಭಾರವಾದ ಶಂಕು ಆ ಕ್ಷಣವನ್ನು ಕೊಂಚ ಮಂಕುಮಾಡುತ್ತದೆ. ಅದುರುವ ಪೆಟ್ಟಿಗೆ ಕ್ಷೀಣಿಸುವ ನಾದದ ಮೇಲೆ ತನ್ನ ಗುಂಯ್ ಎಂಬ ದನಿ ಹೊದಿಸುತ್ತದೆ. ಇಲ್ಲಿ ಪೊರೆ ಗೆಲ್ಲುತ್ತದೆ. ತಂಬೂರಿಯ ಶ್ರುತಿಯೊಳಗಿನ ಎಳೆಗಳು, ಹಾಡುವವರ ಉಸಿರು, ಪಿಟೀಲಿನ ಕಮಾನು ತಿರುಗುವ ಜಾಗ, ಇವೆಲ್ಲ ಪೊರೆಯಲ್ಲಿ ಬಿಡಿಬಿಡಿಯಾಗಿ ಕೇಳುತ್ತವೆ. ಅನೇಕ ಪೆಟ್ಟಿಗೆ ಸ್ಪೀಕರುಗಳಲ್ಲಿ ಕಂಠದ ವ್ಯಾಪ್ತಿ ಎರಡು ಶಂಕುಗಳ ನಡುವೆ ಹಂಚಿಹೋಗುತ್ತದೆ. ಆ ಬೆಸುಗೆ ಸರಿಯಾಗದಿದ್ದರೆ ಒಂದೇ ಗಾಯಕರು ಇಬ್ಬರಂತೆ ಕೇಳುತ್ತಾರೆ.

ಆದರೆ ತನಿ ಆವರ್ತನ ಬರಲಿ. ಮೃದಂಗದ ಎಡಭಾಗದ ತೊಪ್ಪಿಯ ಗುಂಕಾರಕ್ಕೆ ಗಾಳಿಯ ಭಾರ ಬೇಕು. ನಂಜನಗೂಡಿನ ರಥಬೀದಿಯಲ್ಲಿ ನಿಂತು ಡೋಲು ಕೇಳಿದವರ ಎದೆಗೆ ಅದು ಗೊತ್ತು. ಅಲ್ಲಿ ಒಳ್ಳೆಯ ಪೆಟ್ಟಿಗೆಯ ಮುಂದೆ ಪೊರೆ ಸಪ್ಪೆ. ಈ ಕಾರಣದಿಂದಲೇ ಮೇಲಿನ ಸ್ವರಗಳಿಗೆ ಪೊರೆ, ಮಂದ್ರಕ್ಕೆ ಪೆಟ್ಟಿಗೆ ಎಂದು ಎರಡನ್ನೂ ಕೂಡಿಸಿದ ಮಿಶ್ರ ಸ್ಪೀಕರುಗಳು ಬಂದವು. ನಮ್ಮ ದೇಶದಲ್ಲೂ ಪುಣೆಯ ಕೇಡೆನ್ಸ್ ಸಂಸ್ಥೆ ಇಂಥವನ್ನು ತಯಾರಿಸಿತು.

ಚೌಡಯ್ಯನವರ ಪ್ಲೇಟಿನ ವಿಷಯದಲ್ಲಿ ಇನ್ನೊಂದು ಮಾತಿದೆ. ಹಳೆಯ 78 ಸುತ್ತಿನ ಪ್ಲೇಟುಗಳಲ್ಲಿ ನಾದದ ಜೊತೆಗೆ ಕರಕರ ಸದ್ದೂ ಇರುತ್ತದೆ. ಪೊರೆ ಎರಡನ್ನೂ ಅಷ್ಟೇ ನಿಷ್ಠೆಯಿಂದ ಕೇಳಿಸುತ್ತದೆ. ಪೆಟ್ಟಿಗೆ ಎಷ್ಟೋ ಸಲ ಕರಕರವನ್ನು ಮರೆಮಾಡಿ ಉಪಕಾರ ಮಾಡುತ್ತದೆ, ಅದರ ಜೊತೆಗೆ ಕಮಾನಿನ ಸೂಕ್ಷ್ಮವನ್ನೂ ಒಂದಿಷ್ಟು ಮರೆಮಾಡುತ್ತದೆ. ನಿಜ ಬೇಕೋ ನೆಮ್ಮದಿ ಬೇಕೋ ಎಂಬುದನ್ನು ಕೇಳುವವರೇ ನಿರ್ಧರಿಸಬೇಕು.

ಮನೆಯೂ ಮುಖ್ಯ. ಪೊರೆಯ ಸ್ಪೀಕರಿಗೆ ಬೆನ್ನ ಹಿಂದೆ ಮೂರು ನಾಲ್ಕು ಅಡಿಯಾದರೂ ಜಾಗ ಬೇಕು. ಗೋಡೆಗೆ ಒರಗಿಸಿ ಇಡುವಂತಿಲ್ಲ. ಹತ್ತು ಹನ್ನೆರಡು ಅಡಿಯ ಕೋಣೆಯಲ್ಲಿ ಅಷ್ಟು ಬಿಟ್ಟರೆ ಕೂರುವುದೆಲ್ಲಿ? ವಿದ್ಯುದಂಶವಿರುವ ಪೊರೆ ಬಾಚಣಿಗೆಯಂತೆಯೇ ಧೂಳನ್ನು ಸೆಳೆಯುತ್ತದೆ. ಲಾರಿಗಳ ಓಡಾಟವಿರುವ ರಸ್ತೆಬದಿಯ ಮನೆಗೆ, ಮಳೆಗಾಲದ ತೇವಕ್ಕೆ, ಹೋಗಿ ಬರುವ ಕರೆಂಟಿಗೆ ಅದು ಹೇಳಿಮಾಡಿಸಿದ್ದಲ್ಲ. ಕೆಟ್ಟರೆ ರಿಪೇರಿ ಬಲ್ಲವರು ಪಕ್ಕದ ಬೀದಿಯಲ್ಲಿ ಸಿಗುವುದಿಲ್ಲ. ಪೆಟ್ಟಿಗೆಯ ಸ್ಪೀಕರಿನ ಶಂಕು ಹರಿದರೆ ಮೈಕ್‌ಸೆಟ್ಟಿನವರೂ ಸರಿಮಾಡಿ ಕೊಟ್ಟಾರು.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಈ ಸಣ್ಣ ಪರೀಕ್ಷೆಗಳನ್ನು ನೆನಪಿಡಿ. ನೀವು ಎದುರಿಗೆ ಕುಳಿತು ಕೇಳಿರುವ ಒಬ್ಬ ಕಲಾವಿದರ ಧ್ವನಿಮುದ್ರಣವನ್ನು ಜೊತೆಗೆ ಒಯ್ಯಿರಿ. ಹಾಡಿಸುವಾಗ ದನಿಯನ್ನು ಮನೆಯಲ್ಲಿ ಇಡುವಷ್ಟೇ ಇಡಿಸಿ; ಅಬ್ಬರದಲ್ಲಿ ಎಲ್ಲ ಸ್ಪೀಕರೂ ಚೆನ್ನಾಗಿಯೇ ಕೇಳುತ್ತದೆ. ಪೆಟ್ಟಿಗೆಯ ಪಕ್ಕವನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಹಲಸಿನ ಹಣ್ಣನ್ನು ತಟ್ಟಿ ನೋಡುವ ಕೈ ನಮ್ಮದು. ಡೊಳ್ಳೆಂದರೆ ಅದು ಸಂಗೀತದ ನಡುವೆಯೂ ಡೊಳ್ಳೆನ್ನುತ್ತದೆ. ಗೋಡೆ ತಟ್ಟಿದಂತೆ ಮೊಂಡಾಗಿ ಕೇಳಿದರೆ ಒಳ್ಳೆಯದು. ಹಾಡನ್ನು ಬಿಟ್ಟು ಬರೀ ಮಾತನ್ನೂ ಕೇಳಿ. ಪರಿಚಿತರ ಮಾತು ಪಕ್ಕದ ಕೋಣೆಯಿಂದ ಬಂದಂತೆ ತೋರಿದರೆ, ಆ ಸ್ಪೀಕರ್ ಪೆಟ್ಟಿಗೆಯದಾಗಲಿ ಪೊರೆಯದಾಗಲಿ, ನಂಬಬಹುದು.

ಮೈಸೂರಿನ ಅರಮನೆಯಲ್ಲಿ ಧ್ವನಿವರ್ಧಕಗಳ ಒಂದು ಸಾಲೇ ಇತ್ತು. ನಮ್ಮ ನಿಮ್ಮ ಮನೆಗೆ ಒಂದು ಜೊತೆ ಸಾಕು. ಅದು ಚೌಡಯ್ಯನವರ ಏಳು ತಂತಿಗಳಿಗೆ ಎಂಟನೆಯದನ್ನು ಸೇರಿಸದಿದ್ದರೆ ಆಯಿತು.